ಅದಲುಬದಲಾದ ಲೋಟ

ತರಕಾರಿ ಮಂಡಿ,
ತಾರೀಖು ಹದಿನಾಲ್ಕು, ಮಂಗಳವಾರ

ಗಂಟಲು ಡಾಕ್ಟರ ಬಲಗೈಯಾದ ನಮ್ಮಣ್ಣನ ಮಗಳಿಗೆ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಇಡೀ ಮಂಡಿಯನ್ನು ಬಾಯಲ್ಲೇ ಆಳುವ ಚಿಕ್ಕಪ್ಪನ ಆಶೀರ್ವಾದ.

ನಿನ್ನ ಪ್ರಶ್ನೆಗಳ ಪಟ್ಟಿ ಬಂತು. ಪೊಲೀಸರೂ ಇಷ್ಟು ಕೇಳುವುದಿಲ್ಲ ಮಗಳೇ. ಬರೆದುಕೋ: ಧ್ವನಿ ಒಡೆದು ಹತ್ತು ದಿನ. ಜ್ವರವಿಲ್ಲ, ನೆಗಡಿಯಿಲ್ಲ. ನುಂಗುವಾಗ ನೋವು ಗಟ್ಟಿ ತುತ್ತಿಗೆ ಮಾತ್ರ. ಎಡಗಿವಿ ಸ್ವಲ್ಪ ನೋಯುತ್ತದೆ. ಗಂಟಲಿನ ವಿಚಾರಕ್ಕೆ ಕಿವಿಯೇಕೆ ಬಂತೋ ಕಾಣೆ. ಕತ್ತಿನಲ್ಲಿ ಗಂಟಿದೆಯೇ? ನನ್ನದು ಆನೆಯ ಕತ್ತು, ಅದರಲ್ಲಿ ಹುಡುಕುವವರಾರು! ಬೀಡಿ? ಮುಂದಿನ ಪ್ರಶ್ನೆ.

ಕೂಗಿ ಕೂಗಿ ಹೀಗಾಗಿರಬಹುದು, ಹುಳಿತೇಗಿನಿಂದಲೂ ಆಗಬಹುದು, ಮೂರು ವಾರ ದಾಟಿದರೆ ಮಾತ್ರ ತೋರಿಸಲೇಬೇಕು ಎಂದಿದ್ದೀಯ. ಸರಿ. ಆದರೆ ನೀನು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ: ನನಗೆ ಟೀ ತಂದುಕೊಡುವವನು ಯಾರು?

ಎದುರಂಗಡಿಯ ಈರುಳ್ಳಿ ಹರಾಜಿನವನು! ಇಪ್ಪತ್ತು ವರ್ಷ ನನ್ನ ಕೂಗಿಗೆ ಅವನ ಗಿರಾಕಿಗಳೂ ನನ್ನ ಟೊಮೆಟೊ ರಾಶಿಗೆ ಓಡಿ ಬಂದಿದ್ದಾರೆ. ಅಂಥವನು ಈಗ ದಿನಾ ನನಗೊಂದು ತನಗೊಂದು ಲೋಟ ಹಿಡಿದು ಬಂದು, ಬಿಸಿಬಿಸಿ ಕುಡಿಯಣ್ಣಾ, ಗಂಟಲು ಬಿಡುತ್ತೆ ಅಂತಾನೆ. ಬೆಕ್ಕು ಇಲಿಯ ಯೋಗಕ್ಷೇಮ ವಿಚಾರಿಸಿದ ಹಾಗೆ! ಏನೋ ಬೆರೆಸುತ್ತಿದ್ದಾನೆ ಎಂದುಕೊಂಡೆ. ಅವನು ತಕ್ಕಡಿಯ ಕಡೆ ತಿರುಗಿದಾಗಲೆಲ್ಲ ಲೋಟ ಅದಲುಬದಲು ಮಾಡಿದೆ. ಒಂದು ವಾರ ನನ್ನ ಪಾಲಿನದನ್ನೆಲ್ಲ ಅವನೇ ಕುಡಿದ.

ನಿನ್ನೆ ಅವನ ಕೂಗಿಗೆ ತಗಡಿನ ಮಾಡು ನಡುಗಿತು. ನನ್ನ ಬಾಯಿಂದ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಕಿರಕಿರ. ಕೊನೆಗೆ ನನ್ನ ರಾಶಿಯನ್ನೂ ಅವನೇ ಕೂಗಿಕೊಟ್ಟ. ಒಳ್ಳೆ ಬೆಲೆಗೇ ಕೊಟ್ಟ, ಪಾಪಿ. ನಿನ್ನ ಹಾಗೆ ಕೂಗೋಕೆ ನನಗೆ ಬರಲ್ಲ ಕಣಣ್ಣಾ ಅಂತ ಬೇರೆ ಅಂದ. ಆಗ ನನ್ನ ಅನುಮಾನ ಅವನನ್ನು ಬಿಟ್ಟು ನನ್ನ ಗಂಟಲಲ್ಲೇ ಬಂದು ಕೂತಿತು.

ಚಿಕ್ಕಮ್ಮನಿಗೆ ಏನೂ ಗೊತ್ತಿಲ್ಲ. ಮುನಿಸಿಕೊಂಡವನ ಹಾಗೆ ನಟಿಸಿ ಮಾತು ಬಿಟ್ಟಿದ್ದೇನೆ. ನಾನೇನು ತಪ್ಪು ಮಾಡಿದೆ ಹೇಳಿ ಅಂತ ದಿನಾ ಕೇಳುತ್ತಾಳೆ.

ಇಂತಿ,
ಕರೆಂಟು ಬೇಡದ ಮೈಕು,
ನಿನ್ನ ಚಿಕ್ಕಪ್ಪ

ತಾ.ಕ.: ಹತ್ತು ದಿನ ಎಂದದ್ದು ಸುಳ್ಳು. ಆರು ವಾರವಾಯಿತು. ಕತ್ತಿನ ಎಡಕ್ಕೆ ಕಡಲೆಕಾಳಿನಷ್ಟು ಗಂಟೂ ಇದೆ. ಸೋಮವಾರದ ಮೊದಲ ಚೀಟಿ ನನ್ನ ಹೆಸರಿಗೆ ಬರೆಸು. ಈರುಳ್ಳಿಯವನನ್ನೂ ಕರೆತರುತ್ತೇನೆ, ಡಾಕ್ಟರು ಕೇಳಿದ್ದಕ್ಕೆ ಗಟ್ಟಿಯಾಗಿ ಉತ್ತರ ಹೇಳಲು ಒಬ್ಬ ಬೇಕಲ್ಲ. ಟೀ ಮಾತ್ರ ನಿನ್ನ ಕೈಯಿಂದಲೇ ಆಗಲಿ.