ಅಂಟಿಸಿದ ಕಾಲು

ಓತಿಲಿಯಾ ಅತ್ತೆಗೆ,

ಮ್ಯೂಸಿಯಂ ಮೆಟ್ಟಿಲ ಮೇಲೆ ಕೂತು ಬರೀತಿದೀನಿ. ಅಕ್ಷರ ಸೊಟ್ಟಗಿರೋದು ಸಿಟ್ಟಿಗೆ, ಚಳಿಗೆ ಅಂದ್ಕೋಬೇಡ. ನೂರು ವರ್ಷದ ಹಿಂದೆ ಕೊಲಂಬಿಯಾದಿಂದ ಇಲ್ಲಿಗೆ ತಂದು ಸೂಜಿಗೆ ಚುಚ್ಚಿಟ್ಟ ನಮ್ಮ ಕಾಫಿತೋಟದ ಎಲೆಮಿಡತೆಯನ್ನ ಇವತ್ತು ಕಣ್ಣಾರೆ ನೋಡಿದೆ. ಅದನ್ನ ಕೆಳಗಿನ ಬಯಲಿನ ಮಿಡತೆಗಳ ಕುಲಕ್ಕೆ ಸೇರಿಸಿಬಿಟ್ಟಿದ್ದಾರಲ್ಲ! ಉಳಿದಿರೋದು ಒಂದೇ ಹಿಂಗಾಲು. ಇದು ಬೇರೇನೇ ಕುಲ ಅಂದೆ.

"ನೋಡಮ್ಮ, ಕಾಲು ಬಯಲಿನದರ ಹಾಗೇ ನುಣ್ಣಗಿದೆ. ಹೊಸ ಕುಲ ಎಲ್ಲಿಂದ ಬಂತು?" ಅಂತ ಇಲ್ಲಿನ ಮೇಲ್ವಿಚಾರಕ ಗೇಲಿ ಮಾಡಿದ.

ಭೂತಗನ್ನಡಿ ಹಿಡಿದೆ. ಕಾಲಿನ ಬುಡದಲ್ಲಿ ಅಂಟು! ಮುರಿದ ಕಾಲಿನ ಜಾಗಕ್ಕೆ ಯಾವನೋ ಬಯಲಿನ ಮಿಡತೆಯ ಕಾಲು ಅಂಟಿಸಿದ್ದಾನೆ.

"ಇಷ್ಟು ವರ್ಷ ಯಾರೂ ತಕರಾರು ಮಾಡಿಲ್ಲ" ಅಂದ.

"ಇವತ್ತು ನಾನು ಮಾಡ್ತಿದೀನಿ, ಬರ್ಕೊಳ್ಳಿ" ಅಂದೆ.

ಹೊಸ ಕುಲ ಅಂತ ಒಪ್ಪಿಸದೆ ಊರಿಗೆ ಬರಲ್ಲ. ಕೆಮ್ಮು ಕಮ್ಮಿ, ನೀನು ಕಟ್ಟಿಕೊಟ್ಟ ಬೆಲ್ಲ ಕುದಿಸಿ ಕುಡೀತಿದೀನಿ. ನನ್ನ ಮಿಡತೆ ಪೆಟ್ಟಿಗೆ ಹತ್ತಿರ ಕೋಳಿ ಬಿಡಬೇಡ.

ಹಳೇ ಪುಸ್ತಕದಲ್ಲಿ ಮ್ಯೂಸಿಯಂನ ಈ ಮಿಡತೆಯ ಚಿತ್ರ ತೋರಿಸಿದಾಗ ನೀನು ಹೆಬ್ಬೆರಳು ಚಾಚಿ, "ಈ ಕಾಲು ಇದರದ್ದಲ್ಲ ಕಣೇ, ನಮ್ಮ ಮಿಡತೆ ಕಾಲಲ್ಲಿ ಮುಳ್ಳಿದೆ, ಚುಚ್ಚುತ್ತೆ" ಅಂದಿದ್ದೆ. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಈಗ ನಗೋ ಸರದಿ ನಿಂದು.

ನೊರೆಲಿ