ಮೊದಲು ಹುಟ್ಟಿದ ತಮ್ಮನಿಗೆ

ಇಬಾದಾನ್, ಬುಧವಾರ

ಹತ್ತು ನಿಮಿಷ ಮೊದಲೇ ಹುಟ್ಟಿದ ನನ್ನ ತಮ್ಮ ತಾಯ್ವೊಗೆ,

ನೀನು ನೋಡಿಕೊಳ್ಳುವ, ವಂಶವೃಕ್ಷ ಬರೆಯುವ ಮುಕ್ತ ತಂತ್ರಾಂಶಕ್ಕೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಒಪ್ಪುವವನು ಮಾತ್ರ ನೀನು. ಅವಳಿಗಳ ಬಗೆಗಿನ ನನ್ನ ತಿದ್ದುಪಡಿಯನ್ನು ಮೂರು ಸಲ ವಾಪಸು ಕಳಿಸಿದ್ದೀಯ. ಕೋಡ್ ಉದ್ದವಾಯಿತು ಎಂದೆಯಲ್ಲ, ಕತ್ತರಿಸಿದೆ. ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ಸಾಲವು ಎಂದೆಯಲ್ಲ, ಅವನ್ನೂ ಬರೆದೆ. ಕೊನೆಗೆ ನೀನು ನಿಜ ಬಾಯಿಬಿಟ್ಟೆ: "ಮೊದಲು ಹುಟ್ಟಿದವನೇ ಹಿರಿಯ."

ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳಿಗಳ ಹುಟ್ಟುಹಬ್ಬಕ್ಕೆ ಮಾಡುವ ಅಡುಗೆಗೆ ಅಲಸಂದೆ ಆರಿಸುತ್ತಿದ್ದವಳು ತಟ್ಟೆ ಕೆಳಗಿಟ್ಟಳು.

"ಲೋಕ ಹೇಗಿದೆ ನೋಡು ಹೋಗು ಅಂತ ಹೊಟ್ಟೆಯೊಳಗಿಂದ ಅವನನ್ನ ಅಟ್ಟಿದ್ದೇ ನೀನು ಕಣೇ! ಕಳಿಸಿದೋಳು ದೊಡ್ಡೋಳೋ, ಓಡಿ ಬಂದೋನೋ? ನಮ್ಮ ಯೊರುಬಾ ಜನರ ಅವಳಿಗಳಲ್ಲಿ ಯಾವತ್ತೂ ಎರಡನೇದೇ ದೊಡ್ಡದು. ಲಾಗೋಸಿಗೆ ಹೋಗಿ ಅದನ್ನೂ ಮರೆತ್ನಾ?"

ಶನಿವಾರ ನಮ್ಮ ಹುಟ್ಟುಹಬ್ಬ. ಅಂದು ನಿನ್ನ ತಂತ್ರಾಂಶದಿಂದ ತೆಗೆದು ಗೋಡೆಗೆ ಹಾಕುವ ವಂಶವೃಕ್ಷದಲ್ಲಿ ನನ್ನ ಹೆಸರು ನಿನ್ನ ಕೆಳಗಿದ್ದರೆ ಅಮ್ಮ ನಿನಗೆ ಅಲಸಂದೆ ಬಡಿಸುವುದಿಲ್ಲವಂತೆ.

ಆದ್ದರಿಂದ ನಾಲ್ಕನೆಯ ಸಲ ಕಳಿಸಿದ್ದೇನೆ. ಅವಳಿಗಳಲ್ಲಿ ಯಾರು ಹಿರಿಯರೆಂದು ಆಯಾ ಮನೆಯವರೇ ಆರಿಸಿಕೊಳ್ಳಲಿ. ಇದನ್ನೂ ಮೊದಲು ನೀನೇ ನೋಡು. ಹುಟ್ಟಿದಾಗಿನಿಂದ ಅದೇ ನಿನ್ನ ಕೆಲಸವಲ್ಲವೇ? ಅಂದು ನೀನು ಹೊರಗೆ ಹೋಗಿ, "ಚೆನ್ನಾಗಿದೆ, ಬಾ" ಎಂದು ಅತ್ತು ಕರೆದದ್ದನ್ನು ನಂಬಿಯೇ ನಾನು ಬಂದೆ. ಇನ್ನೊಮ್ಮೆ ಹಾಗೆ ಕೂಗಿಬಿಡು.

ಬರುವಾಗ ತಾಳೆ ಎಣ್ಣೆ ತಾ.

ಈಗಲೂ ನಿನ್ನ ಕೂಗಿಗೇ ಕಾಯುತ್ತಿರುವ ಅಕ್ಕ,
ಕೆಹಿಂಡೆ