ರೆಕ್ಕೆಯಿಲ್ಲದ ಕಡೆಯಿಂದ

ಫೆಬ್ರವರಿ 19, ಮಧ್ಯಾಹ್ನ

ಇವತ್ತೂ ಬೆನ್ನು ಕೊಟ್ಟೇ ಕೂತಿದ್ದಳು. ಮುಕ್ಕಾಲು ಗಂಟೆ ಕಾದೆ. ಬೆರಳು ಸೆಟೆದುಕೊಂಡವು. ಚಳಿಗೆ ಕ್ಯಾಮೆರಾ ಬ್ಯಾಟರಿ ಸಾಯುತ್ತದೆ ಅಂತ ಕಂಕುಳಲ್ಲಿ ಇಟ್ಟು ಕಾವು ಕೊಟ್ಟೆ. ಕೊನೆಗೆ ಮಹಾರಾಣಿ ಕತ್ತು ತಿರುಗಿಸಿದಳು. ಮೂರು ಫೋಟೊ ಸಿಕ್ಕವು. ಒಂದು ಪರವಾಗಿಲ್ಲ.

ಝೂನವರು ಬೋರ್ಡಿನಲ್ಲಿ ಅವಳ ಹೆಸರು ‘ಲಿಬರ್ಟಿ’ ಅಂತ ಬರೆದಿದ್ದಾರೆ. ಹಾರಲಾರದ ಹದ್ದಿಗೆ ಸ್ವಾತಂತ್ರ್ಯ ಅಂತ ಹೆಸರಿಡುವವರಿಗೆ ಏನು ಹೇಳೋಣ. ನಾನು ಕರೆಯುವುದು ಬರ್ನೀಸ್ ಅಂತ. ನನ್ನ ಸೋದರತ್ತೆ ಬರ್ನೀಸ್ ಚರ್ಚಿನಲ್ಲಿ ಪಾದ್ರಿಯನ್ನು ಹೀಗೇ ದಿಟ್ಟಿಸುತ್ತಿದ್ದಳು — ಮುಗಿಸ್ತೀಯೋ, ನಾನೇ ಎದ್ದು ಬರಲೋ ಅನ್ನುವ ಹಾಗೆ. ಅದೇ ಮೂಗು, ಅದೇ ನೋಟ, ತಲೆಯೂ ಅಷ್ಟೇ ಬಿಳಿ.

ಎಡರೆಕ್ಕೆ ಅರ್ಧಕ್ಕೇ ನಿಂತಿದೆ. ಹೆದ್ದಾರಿಯಲ್ಲಿ ಸತ್ತ ಜಿಂಕೆ ತಿನ್ನುವಾಗ ಲಾರಿ ಬಡಿದದ್ದು. ಅದಕ್ಕೇ ಬಂದವರೆಲ್ಲ ಬಲಗಡೆಯ ಬೆಂಚಿಗೆ ಹೋಗಿ ಫೋಟೊ ತೆಗೆಯುತ್ತಾರೆ. ಅಲ್ಲಿಂದ ನೋಡಿದರೆ ಡಾಲರ್ ನಾಣ್ಯದ ಮೇಲಿನ ಹದ್ದಿನ ಹಾಗೇ ಕಾಣುತ್ತಾಳೆ. ನಾನು ಎಡಗಡೆ ನಿಲ್ಲುತ್ತೇನೆ. ಅಲ್ಲಿ ಜಾಗ ಯಾವಾಗಲೂ ಖಾಲಿ.

ಮನೆಗೆ ಬಂದರೆ ನನ್ನ ಗಂಡ ವರ್ಲಿನ್ ಶುರು ಮಾಡಿದ. “ಅಣೆಕಟ್ಟಿನ ಹತ್ರ ಹೋಗೇ ಮಾರಾಯ್ತಿ. ದಂಡಿ ದಂಡಿ ಹದ್ದು ಹಾರ್ತಾ ಇದಾವೆ, ಬಿಟ್ಟಿ! ನೀನು ದುಡ್ಡು ಕೊಟ್ಟು ಪಂಜರದ ಕುಂಟೀನ ನೋಡೋಕೆ ಹೋಗ್ತೀಯಲ್ಲ.”

“ಅಲ್ಲಿ ಹದ್ದಿಗಿಂತ ಫೋಟೊ ತೆಗೆಯೋರೇ ಜಾಸ್ತಿ. ಆ ಹದ್ದುಗಳಿಗೆ ನಾನ್ಯಾಕೆ ಬೇಕು?”

“ಬಿಳಿ ತಲೆ ಬೇಕು ಅಂದ್ರೆ ಮನೇಲೇ ಒಂದಿದೆ, ತೆಗಿ.”

“ಅದು ಟಿವಿ ಬಿಟ್ಟು ಕತ್ತು ತಿರುಗಿಸೋದೇ ಇಲ್ಲ.”

ನಕ್ಕ. ಸೂಪು ಬಡಿಸಿದೆ.

ಫೆಬ್ರವರಿ 26

ಲೈಬ್ರರಿಯಲ್ಲಿ ಕ್ಯಾಮೆರಾ ಕ್ಲಬ್ಬಿನ ಸಭೆ. ಹೊರ ಊರಿನಿಂದ ಒಬ್ಬ ತೀರ್ಪುಗಾರನನ್ನು ಕರೆಸಿದ್ದರು. ಗಡ್ಡ ಟ್ರಿಮ್ ಮಾಡಿಸಿಕೊಂಡು ಬಂದಿದ್ದ. ನನ್ನ ಬರ್ನೀಸ್ ಪರದೆ ಮೇಲೆ ಬಂದಳು. ಅರ್ಧ ರೆಕ್ಕೆ, ಮುಂದೆ ಜಾಲರಿ. ತೀರ್ಪುಗಾರ ಮುಂದೆ ಬಾಗಿದ.

“ಮೇಡಂ, ಲೆನ್ಸನ್ನ ಜಾಲರಿಗೆ ಅಂಟಿಸಿ ಹಿಡಿದ್ರೆ ತಂತಿ ಮಾಯ ಆಗುತ್ತೆ.”

“ಗೊತ್ತು.”

“ಮತ್ತೆ?”

“ತಂತಿ ಇದೆಯಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಝೂ ಫೋಟೊದ ದೊಡ್ಡ ವಿದ್ಯೆಯೇ ಅದು. ತಂತಿ ಮಾಯ, ಸಿಮೆಂಟು ಮಾಯ, ಗಾಯ ಮಾಯ. ಕಾಡಿನಲ್ಲಿ ತೆಗೆದದ್ದು ಅಂತ ನೋಡಿದವರು ಮೋಸಹೋಗಬೇಕು. ಆ ವಿದ್ಯೆ ನನಗೂ ಬರುತ್ತದೆ. ಮಾಡುವುದಿಲ್ಲ ಅಷ್ಟೆ. ಹತ್ತಕ್ಕೆ ಮೂರು ಅಂಕ ಕೊಟ್ಟ. ಇಟ್ಟುಕೊಳ್ಳಲಿ.

ಮಾರ್ಚ್ 4

ಪ್ರೆಸ್ಟನ್ ಆಫೀಸಿಗೆ ಕರೆಸಿದ್ದ. ಝೂನ ಹೊಸ ಡೈರೆಕ್ಟರ್, ನನ್ನ ಮಗನ ವಯಸ್ಸು. ಮೇ ತಿಂಗಳಲ್ಲಿ ಹೊಸ ಗೇಟು ತೆರೆಯುತ್ತಾರಂತೆ. ಗೇಟಿನ ಮೇಲೆ ಹನ್ನೆರಡಡಿ ಎತ್ತರದ ಹದ್ದಿನ ಫೋಟೊ. “ನಿಮ್ಮದೇ ಬೇಕು ಆರ್ಡಿಸ್. ಕೆಳಗೆ ನಿಮ್ಮ ಹೆಸರು ಹಾಕಿಸ್ತೀವಿ.”

ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ. ಇಪ್ಪತ್ತು ವರ್ಷದಿಂದ ತೆಗೆಯುತ್ತಿದ್ದೇನೆ, ನನ್ನದೊಂದು ಫೋಟೊನೂ ಲೈಬ್ರರಿ ಗೋಡೆ ದಾಟಿ ಹೋಗಿಲ್ಲ.

“ಬಲಗಡೆಯಿಂದ ತೆಗೆದದ್ದು ಕೊಡಿ” ಅಂದ. “ಎಡಗಡೇದು ಬೇಡ.”

“ಹಕ್ಕಿ ಇಲ್ಲೇ ಇದೆಯಲ್ಲ. ಗೇಟು ದಾಟಿದ ಕೂಡಲೇ ಎಡಗಡೇದೂ ಕಾಣುತ್ತೆ.”

ಆಗ ಹೇಳಿದ. ಕಾಣುವುದಿಲ್ಲವಂತೆ. ಅವಳ ಜಾಗಕ್ಕೆ ನೀರುನಾಯಿ ಬರುತ್ತವೆ. ಅವಳ ಮೊಂಡು ರೆಕ್ಕೆ ನೋಡಿದವರು ಕಂಪ್ಲೇಂಟ್ ಬರೆಯುತ್ತಾರಂತೆ, ಮಕ್ಕಳು ಅಳುತ್ತಾರಂತೆ. ಅವಳನ್ನು ಹಿಂದಿನ ಶೆಡ್ಡಿಗೆ ಹಾಕುತ್ತಾರೆ.

“ಫೋಟೊ ಮುಂದೆ, ಹಕ್ಕಿ ಹಿಂದೆ?”

“ಅಲ್ಲಿ ಅವಳಿಗೆ ಆರಾಮ. ಹೊತ್ತಿಗೆ ಸರಿಯಾಗಿ ಮೀನು, ದೀಪ, ಎಲ್ಲಾ ಇರುತ್ತೆ.”

“ಕಿಟಕಿ?”

ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಈಗಿರುವ ಜಾಗದಿಂದ ಅವಳಿಗೆ ಮಿಸಿಸಿಪ್ಪಿ ನದಿ ಇಷ್ಟುದ್ದ ಕಾಣುತ್ತದೆ. ದಿನವಿಡೀ ನೋಡುವುದು ಅದನ್ನೇ. ಅದಕ್ಕೇ ನನಗೆ ಬೆನ್ನು ಕೊಡುವುದು.

“ಕೊಡಲ್ಲ” ಅಂದೆ. “ಬಲಗಡೇದೂ ಕೊಡಲ್ಲ, ಎಡಗಡೇದೂ ಕೊಡಲ್ಲ. ನಿಮ್ಮ ಗೇಟಿಗೆ ನೀರುನಾಯಿ ನೇತುಹಾಕ್ಕೊಳ್ಳಿ.”

ಬಾಗಿಲು ಹಾಕಿದ್ದು ಸ್ವಲ್ಪ ಜೋರಾಯಿತು. ಜೋರಾಗಲಿ ಅಂತಲೇ ಹಾಕಿದ್ದು.

ಮಾರ್ಚ್ 5

ಹನ್ನೆರಡಡಿ...

ಥೂ. ಇಲ್ಲ ಅಂದದ್ದೇ ಸರಿ.

ಮಾರ್ಚ್ 12

ಬರ್ನೀಸ್ ಇಲ್ಲ. ಪಂಜರ ಖಾಲಿ. ತೊಳೆದು ಬ್ಲೀಚ್ ಹಾಕಿದ್ದಾರೆ, ಮೂಗಿಗೆ ಬಡಿಯಿತು.

ಡಾರ್ಲಾ ಬಕೆಟ್ ಹಿಡಿದು ಬಂದಳು. ಹಕ್ಕಿಗಳ ಮೇವು ನೋಡಿಕೊಳ್ಳುವವಳು, ಒಳ್ಳೆಯ ಹುಡುಗಿ. ಕಣ್ಣು ಊದಿಕೊಂಡಿತ್ತು. “ನಿನ್ನೆ ಸಂಜೆ ಶೆಡ್ಡಿಗೆ ಸಾಗಿಸಿದ್ರು. ಮೀನು ಮೂಸಿ ಕೂಡ ನೋಡ್ತಿಲ್ಲ. ಗೋಡೆ ಕಡೆ ಮುಖ ಮಾಡಿ ಕೂತಿದಾಳೆ.”

“ಯಾವ ಗೋಡೆ?”

“ನದಿ ಕಡೇದು. ಕಾಣಲ್ಲ, ಆದ್ರೂ ಆ ಕಡೇನೇ.”

ಜಾಲರಿಗೆ ಹಣೆ ಒತ್ತಿ ಅತ್ತೆ. ಆಮೇಲೆ ಕ್ಯಾಮೆರಾ ತೆಗೆದೆ. ಖಾಲಿ ಪಂಜರ, ಖಾಲಿ ದಿಮ್ಮಿ, ಒದ್ದೆ ನೆಲ. ಎಲ್ಲ ಕಡೆಯಿಂದಲೂ ತೆಗೆದೆ. ಪ್ರೆಸ್ಟನ್ ಕೋಟು ಕೂಡ ಹಾಕದೆ ಓಡಿಬಂದ.

“ಏನ್ ತೆಗೀತಾ ಇದೀರಿ?”

“ನೀವು ಮಾಡಿದ್ದನ್ನ.”

ನನ್ನ ವರ್ಷದ ಪಾಸು ರದ್ದು. ಗೇಟಿನ ತನಕ ಜೊತೆಗೇ ಬಂದ. ದಾರಿಯುದ್ದಕ್ಕೂ ಅವನ ಫೋಟೊನೂ ತೆಗೆದೆ.

ಮಾರ್ಚ್ 16

ಝೂ ನಡೆಸುವ ಪಾರ್ಕು ಮಂಡಳಿಗೆ ಫೋನ್ ಮಾಡಿದೆ. ಸಭೆ ಮೇ ತಿಂಗಳಲ್ಲಿ. ಅಲ್ಲಿಯವರೆಗೂ ಡೈರೆಕ್ಟರ್ ಹೇಳಿದ್ದೇ ಆಖೈರು. “ಒಂದು ಹಕ್ಕಿ ತಾನೇ ಮೇಡಂ” ಅಂದಳು ಫೋನೆತ್ತಿದವಳು. ಮೇ ತನಕ ಉಪವಾಸ ಇರುತ್ತದೆಯೇ ಹಕ್ಕಿ? ಕೇಳಿದೆ. ಹೋಲ್ಡ್‌ನಲ್ಲಿಟ್ಟು ಸಂಗೀತ ಹಾಕಿದಳು.

ಮಾರ್ಚ್ 21

ವರ್ಲಿನ್ ತನ್ನ ಮೀನುಗುಡಿಸಲನ್ನು ಹೆಪ್ಪುಗಟ್ಟಿದ ನದಿಯ ಮೇಲಿಂದ ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿ ವಾರವಾಯಿತು. ನದಿ ಕರಗುವ ಕಾಲ. ತರದಿದ್ದರೆ ಗುಡಿಸಲು, ಒಲೆ, ಬಕೆಟ್ಟು ಎಲ್ಲ ನೀರುಪಾಲು. ಚಳಿಗಾಲವಿಡೀ ಅದರೊಳಗೇ ಐಸಿನಲ್ಲಿ ತೂತು ಕೊರೆದು, ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತು ಗಾಳ ಬಿಡುವ ಮನುಷ್ಯ. ಈಗ ಕೈಗೆ ಕೆಲಸವಿಲ್ಲ. ಡ್ರಾಯರಿನ ಹಿಡಿಗಳನ್ನೆಲ್ಲ ಬಿಗಿ ಮಾಡಿದ. ಬಿಗಿಯಿದ್ದವನ್ನೂ ಬಿಗಿ ಮಾಡಿದ.

ಪಾತ್ರೆ ತೊಳೆಯುತ್ತಾ ನನಗೆ ಮತ್ತೆ ಅಳು ಬಂತು. ಡಾರ್ಲಾ ಫೋನ್ ಮಾಡಿದ್ದಳು. ಹಕ್ಕಿಯ ಎದೆಮೂಳೆ ಕೈಗೆ ಸಿಗುತ್ತಿದೆಯಂತೆ.

ವರ್ಲಿನ್ ಟಿವಿ ಆರಿಸಿದ. “ಆ ಶೆಡ್ಡಿನ ನದಿ ಕಡೆ ಗೋಡೆ... ಅದು ಝೂ ಬೇಲಿಯಿಂದ ಆಚೆಗಲ್ವಾ?”

“ಬೇಲಿಗೇ ಸೇರಿದೆ. ದೋಣಿಗಟ್ಟೆಯಿಂದ ನಡ್ಕೊಂಡು ಹೋದ್ರೆ ಕೈಗೆ ಸಿಗುತ್ತೆ.”

“ಹೊರಗೆ ಹಲಗೆ. ಒಳಗೆ?”

“ಮರದ ಸರಳು ನಿಲ್ಲಿಸಿದಾರಂತೆ, ರೆಕ್ಕೆ ಗೋಡೆಗೆ ಉಜ್ಜಬಾರದು ಅಂತ.”

“ಸಂದು ಎಷ್ಟು?”

“ಮುಷ್ಟಿ ಅಗಲ ಅಂತೆ. ಯಾಕೆ?”

“ಕೇಳ್ದೆ ಅಷ್ಟೆ. ಹಲಗೆ ಹೋದ್ರೂ ಹಕ್ಕಿ ಹೋಗಲ್ಲ ಹಾಗಾದ್ರೆ.”

ಗ್ಯಾರೇಜಿಗೆ ಹೋದ. ಒಳಗಿಂದ ಸಿಳ್ಳು ಕೇಳಿಸಿತು. ಗಂಡನ ಸಿಳ್ಳು ಕೇಳಿ ಎಷ್ಟು ಕಾಲವಾಗಿತ್ತು.

ಮಾರ್ಚ್ 24, ಬೆಳಿಗ್ಗೆ

ಆಯಿತು! ಮಾಡಿಯೇ ಬಿಟ್ಟೆವು.

ಹೊತ್ತು ಹುಟ್ಟಿದ ಮೇಲೇ ಹೋದೆವು. ಕಳ್ಳರಂತೆ ಕತ್ತಲಲ್ಲಿ ಯಾಕೆ ಹೋಗಬೇಕು ಅಂದ ವರ್ಲಿನ್. ಹಾರೆ, ಸುತ್ತಿಗೆ, ಬಕೆಟ್ಟು, ಫ್ಲಾಸ್ಕಿನಲ್ಲಿ ಕಾಫಿ. ದಾರಿಯಲ್ಲಿ ಸಿಕ್ಕಿದ ಒಬ್ಬನಿಗೆ ಕೈ ಕೂಡ ಬೀಸಿದ. ಹಳೆಯ ಮೊಳೆಗಳು, ಬೆಣ್ಣೆಯಿಂದ ಬಂದ ಹಾಗೆ ಬಂದವು. ಮೂರು ಹಲಗೆ ತೆಗೆದ. ಬಿಸಿಲು ಒಳಗೆ ಹೋಯಿತು.

ಸರಳಿನ ಹಿಂದೆ ಅವಳು. ರೆಪ್ಪೆ ಬಡಿದಳು. ಬಾಯಿ ತೆರೆದು ಕೂಗಿದಳು. ಸಿನಿಮಾದ ಹದ್ದಿನ ಹಾಗೆ ಅಲ್ಲ, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿಚಿ ಕಿಚಿ ಕಿಚಿ. ಬಿಳಿತಲೆ ಹದ್ದುಗಳ ನಿಜವಾದ ದನಿಯೇ ಅದು. ನಾನು ತೆಗೆಯುತ್ತಲೇ ಇದ್ದೆ. ಸರಳಿನ ನೆರಳು ಎದೆ ಮೇಲೆ, ಮೊಂಡು ರೆಕ್ಕೆ ನನ್ನ ಕಡೆಗೆ.

ವರ್ಲಿನ್ ನನ್ನ ಭುಜದ ಮೇಲಿಂದ ಇಣುಕಿದ. ಅವಳನ್ನು ಅವನು ಕಣ್ಣಾರೆ ಕಂಡದ್ದು ಇದೇ ಮೊದಲು.

“ಲೇ ಆರ್ಡಿಸ್, ಬರ್ನೀಸತ್ತೇನೇ ಕಣೇ ಇದು.”

“ಇಷ್ಟು ವರ್ಷ ನಾನು ಹೇಳ್ತಾ ಇದ್ದದ್ದೇನು?”

“ನನಗೆ ಈಗ್ಲೂ ಭಯ ಆಗ್ತಿದೆ.”

ಮಾರ್ಚ್ 25

ಡಾರ್ಲಾ ಫೋನ್. “ಯಾರು ಏನು ಮಾಡಿದ್ರೋ ನನಗೆ ಗೊತ್ತಿಲ್ಲ. ನಾನು ಏನೂ ನೋಡಿಲ್ಲ. ಒಂದು ಮೀನು ತಿಂದ್ಲು. ಇಡ್ತೀನಿ.”

ಅಡುಗೆಮನೆಯಲ್ಲಿ ಕುಣಿದೆ. ಈ ಮಂಡಿನೋವಿನಲ್ಲಿ!

ಮಾರ್ಚ್ 27

ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಏನೋ ಸರಿಯಿಲ್ಲ. ಎಲ್ಲದರಲ್ಲೂ ಗದ್ದ ಎತ್ತಿದ್ದಾಳೆ. ಗತ್ತು ಅಂದುಕೊಂಡಿದ್ದೆ. ಕಣ್ಣನ್ನು ಇನ್ನೂ ದೊಡ್ಡದು ಮಾಡಿದೆ. ಎದುರಿಗಿರುವುದೆಲ್ಲ ಕಣ್ಣೊಳಗೆ ಚಿಕ್ಕದಾಗಿ ಕಾಣುತ್ತದೆ. ಸರಳು ಇದೆ, ಆಕಾಶ ಇದೆ, ನನ್ನ ಟೋಪಿ ಇದೆ. ನದಿ ಇಲ್ಲ.

“ವರ್ಲಿನ್, ಎಷ್ಟು ಎತ್ತರಕ್ಕೆ ತೆಗೆದೆಯೋ ಹಲಗೆ?”

“ಕಿಟಕಿ ಎಷ್ಟು ಎತ್ತರಕ್ಕಿರುತ್ತೋ ಅಷ್ಟು.”

“ಯಾವ ಕಿಟಕಿ?”

ಅಂಗಳದ ಮೀನುಗುಡಿಸಲಿನ ಕಡೆ ಕೈ ತೋರಿಸಿದವನು ಅಲ್ಲೇ ನಿಂತ. ಜೀವಮಾನವೆಲ್ಲ ಆ ಗುಡಿಸಲುಗಳನ್ನೇ ಕಟ್ಟಿದವನು. ಬಕೆಟ್ಟಿನ ಮೇಲೆ ಕೂತ ಗಂಡಸಿನ ಕಣ್ಣಿಗೆ ಸರಿಯಾಗಿ ಕಿಟಕಿ ಇಡುವುದು ಕೈಗೇ ಅಭ್ಯಾಸವಾಗಿಬಿಟ್ಟಿದೆ. ಬರ್ನೀಸ್ ಹಾರಲಾರಳು, ಕೂರುವುದು ನೆಲದಲ್ಲಿ ಬಿದ್ದಿರುವ ದಿಮ್ಮಿಯ ಮೇಲೆ. ತೂತು ಅವಳ ತಲೆಗಿಂತ ಎತ್ತರ.

“ಹದ್ದಿಗೂ ಒಂದು ಬಕೆಟ್ಟು ಕೊಡ್ಬೇಕಿತ್ತು ಕಣೋ!” ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡಿತು. ಅವನಿಗೆ ಸಿಟ್ಟು. ರಾತ್ರಿ ಊಟಕ್ಕೆ ಕೂತಾಗ ತಾನೇ ಹೇಳಿದ: “ಕೆಳಗಿನ ಒಂದು ಹಲಗೆ ತೆಗೆದ್ರೆ ನದಿ ಕಾಣುತ್ತೆ. ಬೆಳಿಗ್ಗೆ ಹೋಗೋಣ.”

ಮಾರ್ಚ್ 28, ಪಿಕಪ್ ಗಾಡಿಯೊಳಗೆ

ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಸಿಟ್ಟಿಗೆ. ಭಯಕ್ಕಲ್ಲ. ಬರೆಯದಿದ್ದರೆ ಇಳಿದು ಹೋಗಿ ಏನಾದರೂ ಮಾಡಿಬಿಡುತ್ತೇನೆ.

ಪ್ರೆಸ್ಟನ್ ಶೆಡ್ಡಿನ ಹತ್ತಿರ ಕಾಯುತ್ತಿದ್ದ. ತೆಗೆದ ಮೂರು ಹಲಗೆ ಗೋಡೆಗೆ ಒರಗಿಸಿಕೊಂಡು. “ವಾಪಸ್ ಹೊಡೀರಿ. ಕೇಸು ಗೀಸು ಏನೂ ಬೇಡ.” ಆಮೇಲೆ ದನಿ ತಗ್ಗಿಸಿದ. “ಆರ್ಡಿಸ್, ಗೇಟಿನ ಫೋಟೊ ಇನ್ನೂ ಆರಿಸಿಲ್ಲ. ಯೋಚನೆ ಮಾಡಿ.”

ಕ್ಯಾಮೆರಾ ತಿರುಗಿಸಿ ತೋರಿಸಿದೆ. ಸರಳು, ಮೊಂಡು ರೆಕ್ಕೆ, ಆ ಮುಖ. “ಇದನ್ನ ಹಾಕ್ತೀರಾ? ಹನ್ನೆರಡಡಿ? ಹಾಕ್ತೀರಾದ್ರೆ ಈಗ್ಲೇ ಕೊಡ್ತೀನಿ.”

ನೋಡಿದ. ಮುಖ ಆ ಕಡೆ ಮಾಡಿದ.

ವರ್ಲಿನ್ ಬಕೆಟ್ಟು ಬೋರಲು ಹಾಕಿ ಗೋಡೆಗೆ ಬೆನ್ನು ಕೊಟ್ಟು ಕೂತ. “ಹೊಡೀಬೇಕು ಅಂದ್ರೆ ನೀನೇ ಹೊಡ್ಕೋ ಸ್ವಾಮಿ. ಸುತ್ತಿಗೆ ಬೇಕಾದ್ರೆ ಕೊಡ್ತೀನಿ.”

ಪ್ರೆಸ್ಟನ್ ಶೆರಿಫ್ ಕಚೇರಿಗೆ ಫೋನ್ ಮಾಡಿದ. ಅಲ್ಲಿಂದ ಒಬ್ಬ ಪೊಲೀಸು ಡೆಪ್ಯುಟಿ ಬಂದ. ಎವರಿ ಅಂತ, ಎತ್ತರದ ಆಳು, ಬೂಟಿಗೆಲ್ಲ ಕೆಸರು. ಇಬ್ಬರೂ ಒಟ್ಟಿಗೇ ಕೂಗಾಡಿದೆವು, ನಾನೂ ಪ್ರೆಸ್ಟನ್ನೂ. “ನಾನೇ ಮಾಡಿಸಿದ್ದು” ಅಂದೆ. “ನನ್ನ ಹೆಸರು ಬರ್ಕೊಳ್ಳಿ. ನೀವು ಮುಚ್ಚಿಸಿದ್ರೆ ನಾಳೆ ಮತ್ತೆ ಬಂದು ತೆಗೀತೀನಿ. ನಾಡಿದ್ದೂ ಬರ್ತೀನಿ. ನನಗೆ ಬೇರೆ ಕೆಲಸ ಇಲ್ಲ.”

“ಅಮ್ಮಾ, ನೀವು ಸ್ವಲ್ಪ ಗಾಡೀಲಿ ಕೂತ್ಕೊಳ್ಳಿ” ಅಂದ ಎವರಿ. ಕೂತಿದ್ದೇನೆ. ಗಾಜಿನಿಂದ ಎಲ್ಲ ಕಾಣುತ್ತದೆ, ಮಾತು ಕೇಳುವುದಿಲ್ಲ.

ಎವರಿ ತೂತಿನೊಳಗೆ ನೋಡುತ್ತಿದ್ದಾನೆ. ನಿಂತೇ ನೋಡುತ್ತಿದ್ದಾನೆ. ಪ್ರೆಸ್ಟನ್ ಪಕ್ಕದಲ್ಲಿ ಮಾತಾಡುತ್ತಲೇ ಇದ್ದಾನೆ, ಕೈಯೆರಡೂ ಆಡಿಸಿಕೊಂಡು.

ಎವರಿ ಬಗ್ಗಿದ. ಕುಕ್ಕರುಗಾಲಲ್ಲಿ ಕೂತ. ತಿರುಗಿ ನದಿ ನೋಡಿದ. ಮತ್ತೆ ಗೋಡೆ ನೋಡಿದ. ವರ್ಲಿನ್‌ಗೆ ಏನೋ ಕೇಳಿದ. ವರ್ಲಿನ್ ಮೊದಲು ಬಕೆಟ್ಟು ತೋರಿಸಿದ, ಆಮೇಲೆ ನೆಲದಿಂದ ಹದ್ದಿನ ಕಣ್ಣಿನೆತ್ತರಕ್ಕೆ ಕೈ ಹಿಡಿದು ತೋರಿಸಿದ. ಎವರಿ ಟೋಪಿ ತೆಗೆದು ತಲೆ ಕೆರೆದುಕೊಂಡ. ನಗುತ್ತಿದ್ದಾನಾ? ಇಲ್ಲಿಂದ ಗೊತ್ತಾಗುವುದಿಲ್ಲ.

ಸುತ್ತಿಗೆಗೆ ಕೈ ಚಾಚಿದ. ಅಯ್ಯೋ, ಕೊಡಬೇಡವೋ... ವರ್ಲಿನ್ ಕೊಟ್ಟ. ಕೊಟ್ಟೇಬಿಟ್ಟ, ದಡ್ಡ. ಪ್ರೆಸ್ಟನ್ ಆಗಲೇ ಒಂದು ಹಲಗೆ ಎತ್ತಿ ಹಿಡಿದಿದ್ದಾನೆ, ಜೇಬಿನಿಂದ ಮೊಳೆಯೂ ತೆಗೆದ.

ಎವರಿ ಹಲಗೆ ತೆಗೆದುಕೊಳ್ಳಲಿಲ್ಲ. ವರ್ಲಿನ್ ಬಕೆಟ್ಟು ಸಮೇತ ಪಕ್ಕಕ್ಕೆ ಸರಿಯುತ್ತಿದ್ದಾನೆ. ಎವರಿ ಮಂಡಿಯೂರಿದ, ಕೆಸರಿನಲ್ಲೇ. ಕೆಳಗಿನ ಹಲಗೆಯ ಹತ್ತಿರ. ಸುತ್ತಿಗೆ ತಿರುಗಿಸಿ ಹಿಡಿದಿದ್ದಾನೆ, ಮೊಳೆ ಕೀಳುವ ಕಡೆ ಮುಂದೆ ಮಾಡಿ —

ಕ್ಯಾಮೆರಾ ಎಲ್ಲಿ